ಗಿಡುಗ ಎಣಿಸೋಕೆ ಗುಡ್ಡ ಹತ್ತಬೇಕಾ, ಹುಲ್ಲಿಗೆ ಇಳಿಯಬೇಕಾ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಮೇಷ್ಟ್ರು. ವಿದೇಶದಲ್ಲಿ ಶರತ್ಕಾಲದಲ್ಲಿ ಬೆಟ್ಟದ ಮೇಲೆ ಕೂತು ವಲಸೆ ಹೋಗುವ ಬೇಟೆ ಹಕ್ಕಿಗಳನ್ನು ಲಕ್ಷಗಟ್ಟಲೆ ಎಣಿಸುವ ವಿಡಿಯೋ ನೋಡಿದೆ. ನಾವೂ ಮಾಡೋಣ ಅಂತ ಅಕ್ಟೋಬರಿನ ಮೂರು ಭಾನುವಾರ ಎಂಟು ಮಕ್ಕಳ ಜೊತೆ ಊರಾಚೆಯ ಗುಡ್ಡ ಹತ್ತಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಕೂತೆವು. ಮೊದಲ ವಾರ 61 ಸಿಕ್ಕವು. ಎರಡನೇ ವಾರ ಮೋಡ ಇತ್ತು, ಬರೀ 18. ಮೂರನೇ ವಾರ 47. ನಮ್ಮ ಶಾಲೆಯ ಇನ್ನೊಬ್ಬ ಮೇಷ್ಟ್ರು, 'ಅವೆಲ್ಲ ಗುಡ್ಡದ ಆಚೆ ಕಸ ಸುರಿಯುವ ಜಾಗದ ಹದ್ದುಗಳು, ಒಂದನ್ನೇ ಹತ್ತು ಸಲ ಎಣಿಸಿದ್ದೀರಿ' ಅಂತ ನಗುತ್ತಾರೆ. ಒಂದೇ ಹಕ್ಕಿಯನ್ನು ಎರಡು ಸಲ ಎಣಿಸದೆ ಇರುವುದು ಹೇಗೆ? ಪಕ್ಕದ ಕಾವಲಿನಲ್ಲಿ ಕುರಿ ಕಾಯುವ ಅಜ್ಜ, 'ದಸರಾ ಆದಮೇಲೆ ಗಿಡುಗಗಳು ಸಂಜೆ ಬಂದು ಹುಲ್ಲಲ್ಲಿ ಮಲಗ್ತವೆ, ಅವನ್ನ ಎಣಿಸಿ' ಅಂದ. ಗಿಡುಗ ನೆಲದ ಮೇಲೆ ಮಲಗುತ್ತದಾ? ಅವು ಕೋಳಿಮರಿ ಹಿಡಿಯುತ್ತವೆ ಅಂತ ಊರಿನವರಿಗೆ ಸಿಟ್ಟು ಬೇರೆ. ಮಕ್ಕಳ ಸಮಯ ಹಾಳು ಮಾಡುತ್ತಿದ್ದೀನೇನೋ ಅನ್ನಿಸುತ್ತಿದೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ನಿಮ್ಮ ಸಹೋದ್ಯೋಗಿ ಹೇಳಿದ್ದು ಮುಕ್ಕಾಲು ಪಾಲು ಸರಿ. ಕುರಿ ಕಾಯುವ ಅಜ್ಜ ಹೇಳಿದ್ದು ಪೂರ್ತಿ ಸರಿ.

ಮೊದಲು ನಿಮ್ಮ 61, 18, 47 ನೋಡೋಣ. ಇದರಲ್ಲೇ ಅರ್ಧ ಉತ್ತರ ಇದೆ. ಮೋಡ ಇದ್ದ ದಿನ ಲೆಕ್ಕ ಕುಸಿಯಿತು. ಯಾಕೆ? ಬಿಸಿಲಿಗೆ ನೆಲ ಕಾದರೆ ಬಿಸಿಗಾಳಿ ಕಂಬದ ಹಾಗೆ ಮೇಲೇಳುತ್ತದೆ. ಹದ್ದು ಅದರೊಳಗೆ ಸೇರಿಕೊಂಡು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುತ್ತದೆ. ಮೋಡ ಕವಿದರೆ ಕಂಬ ಏಳುವುದಿಲ್ಲ, ಹದ್ದು ಮರದ ಮೇಲೋ ಕರೆಂಟು ಕಂಬದ ಮೇಲೋ ಸುಮ್ನೆ ಕೂತಿರುತ್ತದೆ. ಅಂದರೆ ನಿಮ್ಮ ಲೆಕ್ಕ ಆ ದಿನದ ಬಿಸಿಲನ್ನು ಅಳೆದಿದೆ, ವಲಸೆಯನ್ನಲ್ಲ. ಪಕ್ಕದಲ್ಲಿ ಕಸ ಸುರಿಯುವ ಜಾಗ ಇದ್ದರೆ ಹದಿನೈದು ಇಪ್ಪತ್ತು ಹದ್ದುಗಳು ವರ್ಷವಿಡೀ ಅಲ್ಲೇ ಠಿಕಾಣಿ ಹೂಡಿರುತ್ತವೆ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಅವು ನಿಮ್ಮ ತಲೆಯ ಮೇಲೆ ಎಷ್ಟು ಸಲ ಹಾದುಹೋಗಿರಬಹುದು ಅಂತ ನೀವೇ ಊಹಿಸಿ. ಬಾಲದ ತುದಿ ಕವಲೊಡೆದಿತ್ತಾ ಅಂತ ಮಕ್ಕಳನ್ನು ಕೇಳಿ. ಹೌದು ಅಂದರೆ ಅವು ಊರ ಹದ್ದುಗಳೇ. ಮುಕ್ಕಾಲು ಪಾಲು ಅಂತ ಯಾಕೆ ಅಂದೆ ಅಂದರೆ, ಆ 61ರೊಳಗೆ ನಿಜವಾದ ವಲಸಿಗರು ನಾಲ್ಕೈದು ಇದ್ದಿರಲೂಬಹುದು. ಆದರೆ ಬೇರೆಯಾಗಿ ಬರೆದಿಡದ ಮೇಲೆ ಈಗ ಹುಡುಕಿ ತೆಗೆಯುವಂತಿಲ್ಲ.

ಹಾಗಾದರೆ ವಿಡಿಯೋದಲ್ಲಿ ಕಂಡದ್ದು ಸುಳ್ಳಾ? ಅಲ್ಲ. ಜಾರ್ಜಿಯಾ ದೇಶದ ಬಟೂಮಿ ಅನ್ನೋ ಊರಿನ ಬಳಿ ಒಂದೇ ಶರತ್ಕಾಲದಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಬೇಟೆ ಹಕ್ಕಿಗಳನ್ನು ಎಣಿಸುತ್ತಾರೆ. ಮೆಕ್ಸಿಕೋದ ವೆರಾಕ್ರೂಸ್‌ನಲ್ಲಿ ಲೆಕ್ಕ ನಲವತ್ತು ಲಕ್ಷವನ್ನೂ ದಾಟುತ್ತದೆ. ಇದಕ್ಕೆ ಕಾರಣ ನೆಲದ ಆಕಾರ. ಅಗಲ ರೆಕ್ಕೆಯ ಹಕ್ಕಿಗಳಿಗೆ ಬಿಸಿಗಾಳಿ ಬೇಕು. ಸಮುದ್ರದ ಮೇಲೆ ಅದು ಏಳುವುದಿಲ್ಲ. ಹಾಗಾಗಿ ಅವು ನೀರು ದಾಟಲು ಹಿಂಜರಿಯುತ್ತವೆ. ಬಟೂಮಿಯಲ್ಲಿ ಒಂದು ಕಡೆ ಕಪ್ಪು ಸಮುದ್ರ, ಇನ್ನೊಂದು ಕಡೆ ಎತ್ತರದ ಬೆಟ್ಟಸಾಲು. ನಡುವೆ ಸಿಗುವ ಇಕ್ಕಟ್ಟಿನ ಪಟ್ಟಿಯಲ್ಲೇ ಎಲ್ಲವೂ ತೂರಬೇಕು. ಎಣ್ಣೆ ಸುರಿಯುವ ಆಲಿಕೆ ಇದೆಯಲ್ಲ, ಹಾಗೆ. ನಮ್ಮ ಬಯಲುಸೀಮೆಗೆ ಅಂಥ ಆಲಿಕೆಯ ಬಾಯಿ ಇಲ್ಲ. ಇಲ್ಲಿ ಹಕ್ಕಿಗಳು ಹರಡಿಕೊಂಡು ಬರುತ್ತವೆ. ಯಾವ ಗುಡ್ಡದ ಮೇಲೆ ಕೂತರೂ ಸಿಗುವುದು ಚೂರುಪಾರು.

ಬಟೂಮಿಯಂಥ ಜಾಗಗಳಲ್ಲಿ ಒಂದೇ ಹಕ್ಕಿಯನ್ನು ಎರಡು ಸಲ ಎಣಿಸದ ಹಾಗೆ ಒಂದು ಸರಳ ಉಪಾಯ ಮಾಡುತ್ತಾರೆ. ಇಬ್ಬರು ಮೂವರು ಕೂತು ಎದುರಿನ ಎರಡು ಗುಡ್ಡಗಳ ತುದಿಯ ನಡುವೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯುತ್ತಾರೆ. ಉತ್ತರದಿಂದ ದಕ್ಷಿಣಕ್ಕೆ ಆ ಗೆರೆ ದಾಟಿದ್ದಕ್ಕೆ ಮಾತ್ರ ಲೆಕ್ಕ. ವಾಪಸ್ ಬಂದರೆ ಒಂದು ಕಳೆಯುತ್ತಾರೆ. ಸುತ್ತುತ್ತಾ ಮೇಲೇರುತ್ತಿರುವ ಗುಂಪನ್ನು ಯಾರೂ ಎಣಿಸುವುದಿಲ್ಲ, ಅದು ಕುದಿಯುವ ಅನ್ನದ ಅಗುಳು ಎಣಿಸಿದ ಹಾಗೆ. ಗುಂಪು ತುದಿ ಮುಟ್ಟಿ, ಒಂದರ ಹಿಂದೆ ಒಂದು ಜಾರುತ್ತಾ ಹೊರಡುತ್ತದಲ್ಲ, ಆಗ ಎಣಿಸುತ್ತಾರೆ. ಇದನ್ನು ವಾರಕ್ಕೊಮ್ಮೆ ಅಲ್ಲ, ಎರಡು ಮೂರು ತಿಂಗಳು ದಿನಾ ಮಾಡುತ್ತಾರೆ. ಕೆಲವು ಜಾತಿಗಳಲ್ಲಿ ಬಹುಪಾಲು ಹಕ್ಕಿಗಳು ಕೆಲವೇ ದಿನಗಳಲ್ಲಿ ಹಾದುಹೋಗಿಬಿಡುತ್ತವೆ. ಅವು ನಮ್ಮ ಭಾನುವಾರಕ್ಕೆ ಕಾಯುವುದಿಲ್ಲ.

ಇನ್ನು ಅಜ್ಜನ ಮಾತಿಗೆ ಬರುತ್ತೇನೆ. ನನಗೆ ಇಷ್ಟವಾದ ವಿಷಯ, ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಅಜ್ಜ ಹೇಳುತ್ತಿರುವ ಗಿಡುಗ ಇಂಗ್ಲಿಷಿನಲ್ಲಿ ಹ್ಯಾರಿಯರ್. ಕನ್ನಡದ ಹಕ್ಕಿಪಟ್ಟಿಗಳಲ್ಲಿ ಸೆಳೆವ ಅನ್ನುತ್ತಾರೆ. ಉದ್ದ ರೆಕ್ಕೆ, ಉದ್ದ ಬಾಲ, ಸಣಕಲು ಮೈ. ರೆಕ್ಕೆ ಚಾಚಿದರೆ ಒಂದು ಮೀಟರಿಗೂ ಮೀರುತ್ತದೆ, ತೂಗಿದರೆ ಸಣ್ಣ ಜಾತಿಗಳು ಕಾಲು ಕಿಲೋದ ಆಸುಪಾಸು! ಹುಲ್ಲಿನ ಮೇಲೆ ಆಳೆತ್ತರದಲ್ಲಿ, ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದು, ಅತ್ತ ಇತ್ತ ವಾಲುತ್ತಾ ತೇಲಿ ಬರುತ್ತದೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಬಯಲುಸೀಮೆಗೆ ಬರುವುದು ಮುಖ್ಯವಾಗಿ ಮೂರು ಬಗೆ: ಮಾಂಟೆಗು ಸೆಳೆವ, ಬಿಳಿ ಸೆಳೆವ, ಮತ್ತು ಕೆರೆ ಅಂಚಿನಲ್ಲಿ ಹೆಚ್ಚಾಗಿ ಕಾಣುವ ಜೌಗು ಸೆಳೆವ. ಕಜಕಸ್ತಾನ, ರಷ್ಯಾ ಕಡೆಯ ಹುಲ್ಲು ಬಯಲುಗಳಲ್ಲಿ ಮರಿ ಮಾಡಿ, ಸೆಪ್ಟೆಂಬರ್ ಕೊನೆ, ಅಕ್ಟೋಬರಿನಲ್ಲಿ ನಮ್ಮ ಕಡೆ ಇಳಿಯುತ್ತವೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ವಾಪಸ್.

ಹೌದು, ಇವು ನೆಲದ ಮೇಲೇ ಮಲಗುತ್ತವೆ. ಮರವಿಲ್ಲದ ಬಯಲಿನಲ್ಲಿ ಹುಟ್ಟಿದ ಹಕ್ಕಿ, ಮರ ಅದಕ್ಕೆ ಬೇಕಾಗಿಲ್ಲ. ಹಗಲೆಲ್ಲ ಕಡಲೆ ಹೊಲ, ಜೋಳದ ಹೊಲ, ಗೋಮಾಳಗಳ ಮೇಲೆ ಒಂಟಿಯಾಗಿ ಅಲೆದು, ಸಂಜೆ ಸುತ್ತಲ ಹತ್ತಾರು ಕಿಲೋಮೀಟರಿನಿಂದ ಒಂದೇ ಹುಲ್ಲುಗಾವಲಿಗೆ ಬಂದು ಸೇರುತ್ತವೆ. ಹುಲ್ಲಿನ ನಡುವೆ ಆಚೀಚೆ ಜಾಗ ಬಿಟ್ಟು ಕೂರುತ್ತವೆ. ಗುಜರಾತಿನ ವೇಳಾವದರ್ ಹುಲ್ಲುಗಾವಲಿನಲ್ಲಿ ಹೀಗೆ ಸೇರುತ್ತಿದ್ದ ಸೆಳೆವಗಳ ಲೆಕ್ಕ 1990ರ ದಶಕದಲ್ಲಿ ಸಾವಿರ ದಾಟಿತ್ತು. ಜಗತ್ತಿನ ಅತಿ ದೊಡ್ಡ ತಂಗುದಾಣಗಳಲ್ಲಿ ಅದೂ ಒಂದು. ನಮ್ಮಲ್ಲಿ ಬೆಂಗಳೂರಿನ ಪಕ್ಕದ ಹೆಸರಘಟ್ಟದ ಹುಲ್ಲುಗಾವಲು ಇದಕ್ಕೆ ಹೆಸರಾಗಿತ್ತು.

ಅಂದರೆ ನಮ್ಮ ಆಲಿಕೆ ಇರುವುದು ಆಕಾಶದಲ್ಲಲ್ಲ, ಹುಲ್ಲಲ್ಲಿ. ಹಗಲಿಡೀ ಚದುರಿದ್ದ ಹಕ್ಕಿಗಳು ಒಂದು ಗಂಟೆಯೊಳಗೆ ಒಂದೇ ಜಾಗಕ್ಕೆ ಬರುತ್ತವೆ. ಎಣಿಸುವವನಿಗೆ ಇದಕ್ಕಿಂತ ಅನುಕೂಲ ಬೇರೆ ಏನು ಬೇಕು?

ಎಣಿಸುವ ಕ್ರಮ ಹೇಳುತ್ತೇನೆ. ಅದಕ್ಕೆ ಮುಂಚೆ ನಾನು ಮಾಡಿದ ಎಡವಟ್ಟು ಕೇಳಿ. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಒಂದು ಕಾವಲಿನ ಪಶ್ಚಿಮಕ್ಕೆ ನಾನು, ಪೂರ್ವಕ್ಕೆ ನನ್ನ ಗೆಳೆಯ ಕೂತಿದ್ದೆವು. ಕತ್ತಲಾದ ಮೇಲೆ ಪುಸ್ತಕ ತಾಳೆ ನೋಡಿದರೆ ನನ್ನದು 63, ಅವನದು 29. ದಾರಿಯುದ್ದಕ್ಕೂ ಜಗಳ. ಮಾರನೇ ಸಂಜೆ ಇಬ್ಬರೂ ಒಟ್ಟಿಗೆ ಕೂತಾಗ ಗುಟ್ಟು ಬಯಲಾಯಿತು. ಸೆಳೆವ ಬಂದ ತಕ್ಷಣ ಮಲಗುವುದಿಲ್ಲ. ಹುಲ್ಲಿಗೆ ಇಳಿಯುತ್ತದೆ, ಎರಡು ನಿಮಿಷ ಕೂತು ಮತ್ತೆ ಏಳುತ್ತದೆ, ಒಂದು ಸುತ್ತು ಹಾಕಿ ಇನ್ನೊಂದು ಕಡೆ ಇಳಿಯುತ್ತದೆ. ಹೊಸದಾಗಿ ಬಂದದ್ದು ಇನ್ನೊಂದನ್ನು ಎಬ್ಬಿಸುತ್ತದೆ. ನಾನು ಇಳಿದದ್ದನ್ನೆಲ್ಲ ಬರೆದಿದ್ದೆ, ಎದ್ದದ್ದನ್ನು ಬರೆದೇ ಇರಲಿಲ್ಲ. ಎರಡನ್ನೂ ಬರೆದ ಆ ಸಂಜೆ ಬಂದ ಲೆಕ್ಕ 31. ಗೆಳೆಯ ಇವತ್ತಿಗೂ ಬಿಟ್ಟಿಲ್ಲ, ಎಲ್ಲೇ ಸಿಕ್ಕರೂ 'ಅರವತ್ಮೂರು' ಅಂತಲೇ ಮಾತಾಡಿಸುತ್ತಾನೆ.

ಹಾಗಾಗಿ ಪುಸ್ತಕದಲ್ಲಿ ಎರಡು ಸಾಲು ಹಾಕಿಸಿ: ಇಳಿದದ್ದು, ಎದ್ದದ್ದು. ಐದೈದು ನಿಮಿಷಕ್ಕೆ ಒಂದು ಗೆರೆ. ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಆಯಿತು. ನವೆಂಬರಿನಲ್ಲಿ ನಿಮ್ಮ ಕಡೆ ಹೊತ್ತು ಮುಳುಗುವುದು ಆರಕ್ಕೆ ಹತ್ತು ನಿಮಿಷ ಇರುವಾಗ. ಐದಕ್ಕೆ ಮುಂಚೆಯೇ ಹೋಗಿ ಕೂರಿ. ಮುಳುಗುವ ಅರ್ಧ ಗಂಟೆ ಮುಂಚಿನಿಂದ ಮುಳುಗಿ ಅರ್ಧ ಗಂಟೆಯವರೆಗೆ ಬರುತ್ತಲೇ ಇರುತ್ತವೆ, ಕೊನೆಯ ಹತ್ತು ನಿಮಿಷದಲ್ಲಿ ಜಾಸ್ತಿ. 'ಕತ್ತಲಾಯ್ತು, ನಡೀರಿ' ಅಂತ ಬೇಗ ಎದ್ದರೆ ಅರ್ಧಕ್ಕರ್ಧ ತಪ್ಪಿಹೋಗುತ್ತವೆ. ಪಶ್ಚಿಮದ ಬೆಳಕು ಹಿನ್ನೆಲೆಗೆ ಸಿಗುವ ಹಾಗೆ ಹುಲ್ಲುಗಾವಲಿನ ಪೂರ್ವ ಬದಿಗೆ ಕೂತರೆ ಮಬ್ಬಿನಲ್ಲೂ ಆಕಾರ ಕಾಣುತ್ತದೆ. ಎಂಟು ಮಕ್ಕಳಿದ್ದಾರೆ ಅಂದಿರಿ. ಎಂಟೂ ಜನ ಎಣಿಸುವುದು ಬೇಡ. ಬಯಲನ್ನು ಎರಡು ಭಾಗ ಮಾಡಿ, ಒಂದೊಂದಕ್ಕೆ ಇಬ್ಬರು ನೋಡಲಿ, ಒಬ್ಬರು ಬರೆಯಲಿ. ಉಳಿದ ಇಬ್ಬರು ಮುಂದಿನ ಸಲ. 8x42 ಅಳತೆಯ ಒಂದೆರಡು ಬೈನಾಕ್ಯುಲರ್ ಇದ್ದರೆ ಸಾಕು.

ಜಾತಿ ಗುರುತಿಸುವ ವಿಷಯದಲ್ಲಿ ಮಕ್ಕಳಿಗೆ ಒತ್ತಡ ಹಾಕಬೇಡಿ. ವಯಸ್ಸಿಗೆ ಬಂದ ಗಂಡುಗಳು ಬೂದು ಬಣ್ಣ. ರೆಕ್ಕೆಯ ಮೇಲೆ ಅಡ್ಡ ಕಪ್ಪು ಪಟ್ಟಿ ಇದ್ದರೆ ಮಾಂಟೆಗು. ಪಟ್ಟಿ ಇಲ್ಲದೆ, ಹೆಚ್ಚು ಬೆಳ್ಳಗಿದ್ದು, ರೆಕ್ಕೆಯ ತುದಿಯಲ್ಲಿ ಮಾತ್ರ ಕಪ್ಪು ಬೆಣೆಯಂಥ ಗುರುತಿದ್ದರೆ ಬಿಳಿ ಸೆಳೆವ. ಈ ಎರಡರ ಹೆಣ್ಣುಗಳೂ ಮರಿಗಳೂ ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಇವನ್ನು ಸಂಜೆ ಬೆಳಕಿನಲ್ಲಿ ಬೇರೆ ಮಾಡುವುದು ನನಗೂ ಎಷ್ಟೋ ಸಲ ಆಗುವುದಿಲ್ಲ. 'ಕಂದು' ಅಂತ ಬರೆದು ಮುಂದೆ ಹೋಗಿ. ಗೊತ್ತಿಲ್ಲದ್ದನ್ನು ಊಹಿಸಿ ಬರೆದರೆ ಇಡೀ ಪುಸ್ತಕವೇ ಕೆಡುತ್ತದೆ.

ಆದರೆ ಶರತ್ಕಾಲದಲ್ಲಿ ಒಂದು ಅನುಕೂಲ ಇದೆ, ಅದನ್ನು ಬಿಡಬೇಡಿ. ಆ ವರ್ಷ ಹುಟ್ಟಿದ ಮರಿಗಳ ಎದೆ, ಹೊಟ್ಟೆ ಗೆರೆಯಿಲ್ಲದ ಕಾವಿ ಬಣ್ಣ, ಹೊಸ ಹೆಂಚಿನ ಹಾಗೆ. ದೊಡ್ಡ ಹೆಣ್ಣುಗಳ ಹೊಟ್ಟೆ ಮಾಸಲು, ಗೆರೆಗೆರೆ. ಬೆಳಕು ಚೆನ್ನಾಗಿರುವಾಗ ಮೊದಲು ಬರುವ ಹತ್ತಿಪ್ಪತ್ತು ಹಕ್ಕಿಗಳಲ್ಲಿ ಕಾವಿ ಹೊಟ್ಟೆ ಎಷ್ಟು ಅಂತ ಬೇರೆ ಬರೆದಿಡಿ. ಇದರ ಬೆಲೆ ಏನು ಅಂತ ಅಮೆರಿಕದ ಹಾಕ್ ಮೌಂಟನ್ ತೋರಿಸಿಕೊಟ್ಟಿದೆ. ಪೆನ್ಸಿಲ್ವೇನಿಯಾದ ಆ ಬೆಟ್ಟದಲ್ಲಿ ಜನ ಮೋಜಿಗೆ ಗಿಡುಗಗಳನ್ನು ಗುಂಡಿಟ್ಟು ಕೊಲ್ಲುತ್ತಿದ್ದರು. 1934ರಲ್ಲಿ ರೋಸಲಿ ಎಡ್ಜ್ ಅನ್ನೋ ಹೆಣ್ಣುಮಗಳು ಬೆಟ್ಟವನ್ನೇ ಗುತ್ತಿಗೆಗೆ ಹಿಡಿದು ಬೇಟೆ ನಿಲ್ಲಿಸಿದಳು. ಕಾವಲಿಗೆ ನಿಂತ ಮಾರಿಸ್ ಬ್ರೌನ್ ಎಣಿಸಲು ಶುರು ಮಾಡಿದ. ಅವನು ಬಿಳಿತಲೆಯ ಬಾಲ್ಡ್ ಈಗಲ್‌ಗಳಲ್ಲಿ ಎಳೆಯವನ್ನು ಬೇರೆಯಾಗಿ ಬರೆಯುತ್ತಿದ್ದ. 1930ರ ದಶಕದ ಕೊನೆಯಲ್ಲಿ ನೂರಕ್ಕೆ 40 ಎಳೆಯವು. 1950ರ ದಶಕದ ಕೊನೆಗೆ ನೂರಕ್ಕೆ 20. ದೊಡ್ಡ ಹಕ್ಕಿಗಳು ಹಾರುತ್ತಲೇ ಇದ್ದವು, ಮರಿಗಳು ಮಾತ್ರ ಕಡಿಮೆಯಾಗಿದ್ದವು. 1962ರಲ್ಲಿ ಅಮೆರಿಕದ ಲೇಖಕಿ ರೇಚಲ್ ಕಾರ್ಸನ್ ಡಿಡಿಟಿ ಅನ್ನೋ ಕೀಟನಾಶಕದ ಅಪಾಯದ ಬಗ್ಗೆ ಬರೆದಾಗ ಈ ಲೆಕ್ಕವನ್ನೂ ಮುಂದಿಟ್ಟರು. ಬರೀ ಒಟ್ಟು ಸಂಖ್ಯೆ ಬರೆದಿದ್ದರೆ ಇದು ಅಷ್ಟು ಬೇಗ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ನಮ್ಮಲ್ಲೂ ಇಂಥ ಲೆಕ್ಕ ಕೆಲಸಕ್ಕೆ ಬಂದಿದೆ. ಬೆಂಗಳೂರಿನ ಏಟ್ರೀ (ATREE) ಅನ್ನೋ ಪರಿಸರ ಸಂಶೋಧನಾ ಸಂಸ್ಥೆಯ ಸಂಶೋಧಕರು ದೇಶದ ನಾನಾ ಕಡೆಯ ಸುಮಾರು 30 ವರ್ಷಗಳ ಸಂಜೆ ಎಣಿಕೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದರು. ಚಳಿಗಾಲಕ್ಕೆ ಬರುವ ಸೆಳೆವಗಳು ಕಡಿಮೆಯಾಗುತ್ತಿವೆ ಅನ್ನುವ ಸೂಚನೆ ಅದರಲ್ಲಿತ್ತು. ಕಾರಣ ಒಂದಲ್ಲ. ಮೊದಲನೆಯದು ಜಾಗ. ಸರ್ಕಾರಿ ಕಾಗದದಲ್ಲಿ ಹುಲ್ಲುಗಾವಲು ಅಂದರೆ ಪಾಳು ಭೂಮಿ. ಪಾಳು ಅಂದಮೇಲೆ ಏನಾದರೂ ಮಾಡಲೇಬೇಕಲ್ಲ! ನೀಲಗಿರಿ ನೆಡು, ಅಕೇಶಿಯ ನೆಡು, ಸೈಟು ಮಾಡು, ಸೋಲಾರ್ ಹಾಕು. ಗಿಡ ನೆಡುವುದು ಒಳ್ಳೆಯ ಕೆಲಸವೇ, ಆದರೆ ಹುಲ್ಲುಗಾವಲಿನಲ್ಲಿ ನೆಟ್ಟ ಗಿಡ ಸೆಳೆವದ ಹಾಸಿಗೆ ಕಿತ್ತ ಹಾಗೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಬಿಟ್ಟಿದ್ದ ಕಾವಲುಗಳು ನಿಮ್ಮ ಸೀಮೆಯಲ್ಲಿ ಎಷ್ಟಿದ್ದವು, ಎಷ್ಟು ಉಳಿದಿವೆ, ನಿಮಗೇ ಗೊತ್ತು. ಎರಡನೆಯದು ಊಟ. ಸೆಳೆವದ ಊಟದಲ್ಲಿ ಮಿಡತೆಗೆ ದೊಡ್ಡ ಪಾಲು. ಹೊಲಕ್ಕೆ ಔಷಧಿ ಹೊಡೆದಷ್ಟೂ ಮಿಡತೆ ಕಡಿಮೆ. ಇನ್ನು ಮರಿ ಮಾಡುವ ದೇಶಗಳಲ್ಲಿ ಆಗುವ ಬದಲಾವಣೆ ನಮ್ಮ ಕೈಯಲ್ಲಿಲ್ಲ.

ಕೋಳಿಮರಿ ವಿಷಯ. ಅಂಗಳಕ್ಕೆ ನುಗ್ಗಿ ಮರಿ ಎತ್ತಿಕೊಂಡು ಹೋಗುವುದು ಸಾಮಾನ್ಯವಾಗಿ ಊರ ಹದ್ದು, ಇಲ್ಲವೇ ಬಿಜ್ಜು (ಶಿಕ್ರ ಅನ್ನೋ ಸಣ್ಣ ಬೇಟೆ ಹಕ್ಕಿ). ಸೆಳೆವ ಬಯಲು ಬಿಟ್ಟು ಮನೆ ಹತ್ತಿರ ಬರುವುದು ತೀರಾ ಅಪರೂಪ. ಅದು ಹಿಡಿಯುವುದು ಮಿಡತೆ, ಓತಿಕ್ಯಾತ, ಇಲಿ, ನೆಲಗುಬ್ಬಿಯಂಥ ಸಣ್ಣ ಹಕ್ಕಿ. ಕಡಲೆ ಹೊಲದ ರೈತನಿಗೆ ಇದರಿಂದ ಲಾಭವೇ. ಊರಿನವರಿಗೆ ಭಾಷಣ ಮಾಡುವ ಬದಲು ಒಂದು ಕೆಲಸ ಮಾಡಿ. ಸೆಳೆವ ಜೀರ್ಣವಾಗದ ಕೂದಲು, ಗರಿ, ಮಿಡತೆಯ ಚಿಪ್ಪನ್ನು ಹೆಬ್ಬೆರಳಿನಷ್ಟು ಉಂಡೆ ಮಾಡಿ ಕಕ್ಕುತ್ತದೆ. ಮಲಗಿದ್ದ ಜಾಗದಲ್ಲಿ ಸಿಗುತ್ತವೆ. ನಾಲ್ಕು ಉಂಡೆ ತಂದು ನೀರಲ್ಲಿ ನೆನೆಸಿ, ಚಿಮಟದಿಂದ ಬಿಡಿಸಿ ಪಂಚಾಯಿತಿ ಕಟ್ಟೆ ಮೇಲೆ ಹರಡಿ. ಮಿಡತೆಯ ಕಾಲು, ದವಡೆ ನೋಡಿದ ರೈತನಿಗೆ ಮತ್ತೇನೂ ಹೇಳಬೇಕಾಗಿಲ್ಲ. ಆದರೆ ಉಂಡೆ ಹೆಕ್ಕಲು ಹೋಗುವುದು ಹಕ್ಕಿಗಳೆಲ್ಲ ಎದ್ದು ಹೋದ ಮೇಲೆ, ಬೆಳಿಗ್ಗೆ ಒಂಬತ್ತರ ನಂತರ, ಅದೂ ತಿಂಗಳಿಗೊಮ್ಮೆ ಮಾತ್ರ. ನಾನೊಮ್ಮೆ ಆತುರಕ್ಕೆ ಬಿದ್ದು ಸಂಜೆಯೇ ಒಳಗೆ ನಡೆದುಬಿಟ್ಟೆ. ಇಳಿದಿದ್ದವೆಲ್ಲ ಎದ್ದವು. ಆ ವಾರ ಒಂದೂ ವಾಪಸ್ ಬರಲಿಲ್ಲ.

ಅಪಾಯ ಅಂತ ನಾನು ಹೇಳುವುದು ಇದನ್ನೇ. ಗುಡ್ಡದ ಎಣಿಕೆಯಿಂದ ಹಕ್ಕಿಗೆ ಏನೂ ತೊಂದರೆ ಇಲ್ಲ, ಹುಲ್ಲಿನ ಎಣಿಕೆಯಿಂದ ಇದೆ. ನೆಲದ ಮೇಲೆ ಮಲಗುವ ಹಕ್ಕಿಯನ್ನು ಕತ್ತಲಲ್ಲಿ ಎಬ್ಬಿಸಿದರೆ ಅದು ಗೊತ್ತಿಲ್ಲದ ಜಾಗದಲ್ಲಿ ಇಳಿಯಬೇಕು. ಅಲ್ಲಿ ನಾಯಿ, ನರಿ ಇರುತ್ತವೆ. ಕನಿಷ್ಠ 300 ಮೀಟರ್ ದೂರ ಕೂರಿ, ನಾಯಿ ಜೊತೆಗೆ ಬಾರದ ಹಾಗೆ ನೋಡಿಕೊಳ್ಳಿ. ಡ್ರೋನ್ ಬೇಡವೇ ಬೇಡ. ಜಾಗದ ಹೆಸರನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಮಾರನೇ ಭಾನುವಾರವೇ ಹುಲ್ಲಿನ ಮೇಲೆ ಕಾರಿನ ಚಕ್ರದ ಗುರುತು ಬೀಳುತ್ತದೆ. ಕ್ಯಾಮೆರಾ ಹಿಡಿದವರಲ್ಲಿ ಒಳ್ಳೆಯವರೂ ಇದ್ದಾರೆ, ಆದರೆ ಒಬ್ಬ ಕೆಟ್ಟವನು ಸಾಕು. ಲೆಕ್ಕವನ್ನು ಈ-ಬರ್ಡ್ ಅನ್ನೋ ಹಕ್ಕಿ ಲೆಕ್ಕದ ಜಾಲತಾಣಕ್ಕೆ ಹಾಕುವುದಾದರೆ ಊರಿನ ಹೆಸರಿನಲ್ಲಿ ಹಾಕಿ, ಹುಲ್ಲಿನ ಮೂಲೆಯ ಗುರುತು ಬೇಡ.

ಮಕ್ಕಳ ಕಡೆಯಿಂದಲೂ ಯೋಚಿಸಬೇಕು. ಹುಲ್ಲಿನಲ್ಲಿ ಕೊಳಕುಮಂಡಲ ಇರುತ್ತದೆ, ಅದೂ ಸಂಜೆಯೇ ಹೊರಡುವುದು. ಕಾಲಿಗೆ ಶೂ, ಕೈಯಲ್ಲಿ ಟಾರ್ಚು, ಹೋಗುವ ಬರುವ ದಾರಿ ಬಂಡಿಜಾಡು ಮಾತ್ರ. ಮನೆಯವರಿಗೆ ತಿಳಿಸಿ ಕರೆದುಕೊಂಡು ಹೋಗಿ. ಅಮೃತಮಹಲ್ ಕಾವಲಾದರೆ ಪಶುಸಂಗೋಪನಾ ಇಲಾಖೆಗೆ, ಅರಣ್ಯದ ಜಾಗವಾದರೆ ಅರಣ್ಯ ಇಲಾಖೆಗೆ ಒಂದು ಪತ್ರ ಕೊಟ್ಟು ಒಪ್ಪಿಗೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಕತ್ತಲಲ್ಲಿ ಬೈನಾಕ್ಯುಲರ್ ಹಿಡಿದು ಕೂತ ಮೇಷ್ಟ್ರನ್ನು ಬೀಟ್ ಪೊಲೀಸರು ಏನಂತ ತಿಳಿಯುತ್ತಾರೋ!

ಇಷ್ಟೆಲ್ಲ ಆಗದಿದ್ದರೆ ಬೇರೆ ದಾರಿಯೂ ಇದೆ. ತಿಂಗಳಿಗೊಮ್ಮೆ ಒಂದೇ ರಸ್ತೆಯಲ್ಲಿ, ಒಂದೇ ಹೊತ್ತಿಗೆ, ಇಪ್ಪತ್ತು ಕಿಲೋಮೀಟರ್ ಬೈಕಿನಲ್ಲಿ ನಿಧಾನವಾಗಿ ಹೋಗಿ ಎರಡೂ ಕಡೆ ಕಂಡ ಬೇಟೆ ಹಕ್ಕಿಗಳನ್ನು ಬರೆಯಬಹುದು. ಸಿಗುವುದು ಕಡಿಮೆ, ಆದರೆ ಹಕ್ಕಿಗೆ ಕಾಟವಿಲ್ಲ. ಮಕ್ಕಳನ್ನು ಕರೆದೊಯ್ಯಲಾಗದು, ಅದೊಂದೇ ಕೊರತೆ. ಗುಡ್ಡವನ್ನೂ ಪೂರ್ತಿ ಬಿಡಬೇಕಾಗಿಲ್ಲ. ನವೆಂಬರಿನಲ್ಲಿ ಅಮುರ್ ಚಾಣಗಳು ಅನ್ನೋ ಪುಟ್ಟ ಬೇಟೆ ಹಕ್ಕಿಗಳು ನಾಗಾಲ್ಯಾಂಡ್ ಕಡೆಯಿಂದ ಹೊರಟು, ನಮ್ಮ ಪರ್ಯಾಯ ದ್ವೀಪ ದಾಟಿ, ಅರಬ್ಬೀ ಸಮುದ್ರದ ಮೇಲೆ ಆಫ್ರಿಕಾಕ್ಕೆ ಹೋಗುತ್ತವೆ. ತೂಕ ನೂರೈವತ್ತು ಗ್ರಾಮಿನಷ್ಟು. ಅದೃಷ್ಟ ಇದ್ದರೆ ಒಂದು ಬೆಳಿಗ್ಗೆ ಗುಂಪೊಂದು ತಂತಿ ಮೇಲೆ ಸಾಲಾಗಿ ಕೂತಿರುವುದು ಕಾಣಬಹುದು. ಅದೃಷ್ಟವನ್ನು ನಂಬಿ ಮಕ್ಕಳಿಗೆ ಮಾತು ಕೊಡಬೇಡಿ ಅಷ್ಟೇ.

ಕೊನೆಯದಾಗಿ ದಿನಗಳು. ಅಕ್ಟೋಬರಿನಲ್ಲಿ ನಿಮ್ಮ ಹುಲ್ಲಿಗೆ ಇಳಿಯುವ ಹಕ್ಕಿಗಳಲ್ಲಿ ಕೆಲವು ಒಂದೆರಡು ರಾತ್ರಿ ತಂಗಿ ಇನ್ನೂ ದಕ್ಷಿಣಕ್ಕೆ ಹೋಗುವಂಥವು. ಲೆಕ್ಕ ಏರಿಳಿಯುತ್ತದೆ, ಗಾಬರಿಯಾಗಬೇಡಿ. ಡಿಸೆಂಬರ್, ಜನವರಿಗೆ ಅದು ಒಂದು ಮಟ್ಟಕ್ಕೆ ನಿಲ್ಲುತ್ತದೆ. ಹದಿನೈದು ದಿನಕ್ಕೊಂದು ಸಂಜೆ, ಮಾರ್ಚ್‌ವರೆಗೆ, ಮುಂದಿನ ವರ್ಷವೂ ಅದೇ ವಾರಗಳಲ್ಲಿ. ಒಂದೂ ಬಾರದ ಸಂಜೆ ಪುಸ್ತಕದಲ್ಲಿ ಸೊನ್ನೆ ಅಂತ ಬರೆಯಲೇಬೇಕು. ಮಕ್ಕಳು ಬೇಜಾರಿಗೆ ಆ ಹಾಳೆಯನ್ನು ಖಾಲಿ ಬಿಟ್ಟಿರುತ್ತಾರೆ, ನೋಡಿಕೊಳ್ಳಿ.

ಮೊದಲ ಸಂಜೆ ಅಜ್ಜನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಹುಲ್ಲಿನ ಯಾವ ಮೂಲೆಗೆ ಇಳಿಯುತ್ತವೆ ಅಂತ ನೀವು ವಾರಗಟ್ಟಲೆ ಹುಡುಕುವುದನ್ನು ಅವನು ಕೋಲು ಚಾಚಿ ತೋರಿಸುತ್ತಾನೆ.